ಜುಟ್ಟಿನ ಕಳ್ಳಿ

ಗಿಡವನ್ನು ಕೊಂದುಬಿಡಬೇಕು ಎಂದು ಮಂಗಮ್ಮ ತೀರ್ಮಾನಿಸಿದ್ದು ಆಷಾಢದ ಒಂದು ಮಂಗಳವಾರ, ಒಲೆಯ ಮೇಲೆ ಹುರುಳಿಕಾಳು ಬೇಯುತ್ತಿದ್ದಾಗ. ಕುಕ್ಕರ್ ಮೂರನೆಯ ಸಲ ಕೂಗುವ ಹೊತ್ತಿಗೆ, ಅದನ್ನು ಹೇಗೆ ಕೊಲ್ಲಬೇಕು ಎಂಬುದೂ ಅವಳಿಗೆ ಹೊಳೆದಿತ್ತು.

ಅದಕ್ಕೆ ಎರಡು ದಿನ ಮೊದಲು, ಭಾನುವಾರ, ಅವಳ ಗಂಡ ವೆಂಕಟರವಣಪ್ಪನ ಅಕ್ಕ ಅಶ್ವತ್ಥಮ್ಮ ಶಿಡ್ಲಘಟ್ಟದಿಂದ ನಂದಿ ಊರಿನ ಇವರ ಮನೆಗೆ ಬಂದಿದ್ದಳು. ಮಂಗಮ್ಮನ ಸೊಸೆ ಶ್ರೀವಿದ್ಯಾಗೆ ಎರಡನೆಯ ಸಲವೂ ಗರ್ಭ ನಿಲ್ಲದೆ ಹೋಗಿ ಎರಡು ತಿಂಗಳಾಗಿತ್ತು. ಹುಡುಗಿಯನ್ನು ಮಾತಾಡಿಸಿಕೊಂಡು ಹೋಗಬೇಕು ಅಂತ ಬಂದವಳು ಕಾಫಿ ಕುಡಿದು, ಗಾಳಿಗೆ ಕೂರೋಣ ಅಂತ ತಾರಸಿ ಹತ್ತಿದಳು. ತಾರಸಿಯ ತುಂಬ ಶ್ರೀವಿದ್ಯಾಳ ಕಳ್ಳಿಗಿಡಗಳು. ಉಂಡೆಯಂಥವು, ಕಂಬದಂಥವು, ಎಲ್ಲ ಸೇರಿ ಅರವತ್ತು ಕುಂಡ. ಮೂಲೆಯ ಕುಂಡವೊಂದರ ಮುಂದೆ ಅಶ್ವತ್ಥಮ್ಮ ನಿಂತುಬಿಟ್ಟಳು.

"ಇದೇನೇ ಮಂಗಾ, ಮುದುಕಿ ತಲೇನ ಕುಂಡದಾಗೆ ನೆಟ್ಟಂಗಿದೆ?"

"ಕಳ್ಳಿ ಅತ್ತಿಗೆ. ಶ್ರೀವಿದ್ಯಾ ಮದುವೆ ಆದಾಗ ತವರಿಂದ, ಗೌರಿಬಿದನೂರಿಂದ ತಂದಿದ್ದು."

ಆ ಜಾತಿಯ ಕಳ್ಳಿ ಕಂಬದ ಹಾಗೆ ನೆಟ್ಟಗೆ ಬೆಳೆಯುತ್ತದೆ, ಮೈತುಂಬ ಬಿಳಿ ಉಣ್ಣೆ ಹೊದ್ದಿರುತ್ತದೆ. ಪಕ್ಕದಲ್ಲೇ ಅದೇ ಜಾತಿಯವು ಮೂರು ಹಾಗೆಯೇ ನಿಂತಿದ್ದವು. ಇದೊಂದು ಮಾತ್ರ ಮೇಲಕ್ಕೆ ಹೋಗುವುದನ್ನು ಬಿಟ್ಟು ಅಡ್ಡಕ್ಕೆ ಹರಡಿಕೊಂಡು, ಹುಂಜದ ಜುಟ್ಟಿನ ಹಾಗೆ ಮಡಿಕೆಮಡಿಕೆಯಾಗಿ ಬೀಸಣಿಗೆ ಬಿಚ್ಚಿತ್ತು. ಎರಡು ಅಂಗೈ ಜೋಡಿಸಿದಷ್ಟು ಅಗಲ. ಉಣ್ಣೆಯ ಒಳಗೆ ಸೂಜಿಯಂಥ ಹಳದಿ ಮುಳ್ಳು.

"ಇದರ ಅಣ್ಣತಮ್ಮಂದಿರು ನೆಟ್ಟಗವೆ, ಇದೊಂದು ಸೊಟ್ಟ," ಅಂದಳು ಅಶ್ವತ್ಥಮ್ಮ. "ಮನೇಲಿ ಮುಳ್ಳಿರಬಾರದು. ಅದರಾಗೂ ಸೊಟ್ಟ ಮುಳ್ಳು! ಬಸುರಿ ಹೆಂಗಸು ಬೆಳಿಗ್ಗೆ ಎದ್ದು ಇದರ ಮುಖ ನೋಡಿದ್ರೆ ಹೊಟ್ಟೇಲಿರೋದು ಹೆಂಗಮ್ಮ ನಿಲ್ತದೆ? ಏಮಮ್ಮಾ, ನಿನಗೂ ಬುದ್ಧಿ ಇಲ್ವಾ?"

ಊಟಕ್ಕೆ ಕೂತಾಗಲೂ ಅದೇ ಮಾತು ತೆಗೆದಳು, ಎಲ್ಲರ ಮುಂದೆ. ಮಂಗಮ್ಮನ ಮಗ ಮಧುಸೂದನ್ ಮುದ್ದೆ ಮುರಿಯುತ್ತಿದ್ದವನು, "ದೊಡ್ಡತ್ತೆ, ಊಟ ಮಾಡಿ" ಎಂದ. ಹಾಲಿನ ಶೀತಲೀಕರಣ ಕೇಂದ್ರದಲ್ಲಿ ಕೆಲಸ ಮಾಡುವ ಅವನಿಗೆ ಮನೆಯಲ್ಲಿ ಯಾರ ದನಿ ಏರಿದರೂ ಆಗುತ್ತಿರಲಿಲ್ಲ.

ವೆಂಕಟರವಣಪ್ಪ ಸೊಸೆಯ ಕಡೆ ತಿರುಗಿದ. "ಅಕ್ಕ ಹೇಳೋದ್ರಲ್ಲೂ ಏನೋ ಇರ್ತದಮ್ಮ. ಅದೊಂದನ್ನ ತೋಟದ ಬೇಲಿಗೆ ಹಾಕಿದ್ರೆ ಆಗಲ್ವಾ?"

ಶ್ರೀವಿದ್ಯಾ ಚಿಕ್ಕಬಳ್ಳಾಪುರದ ಖಾಸಗಿ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ಪಾಠ ಮಾಡುವಾಗಿನ ತಾಳ್ಮೆಯಲ್ಲೇ ಹೇಳಿದಳು. "ಮಾವ, ಅದು ಕಾಯಿಲೆ ಅಲ್ಲ. ತುದೀಲಿ ಒಂದು ಚುಕ್ಕಿಯಿಂದ ಬೆಳೆಯೋ ಬದಲು ಒಂದು ಗೆರೆಯಿಂದ ಬೆಳೀತಿದೆ, ಅಷ್ಟೆ. ಬೀಜ ಹಾಕಿ ನಾನೇ ಬೆಳೆಸಿದ್ದು, ಏಳು ವರ್ಷ ಆಯ್ತು. ಸಾವಿರಾರು ಗಿಡದಲ್ಲಿ ಒಂದು ಹಿಂಗಾಗುತ್ತೆ."

"ಅದೇ ನಾನೂ ಕೇಳ್ತಿರೋದು," ಅಂದಳು ಅಶ್ವತ್ಥಮ್ಮ. "ಸಾವಿರದಾಗೆ ಒಂದು ಕೆಟ್ಟದ್ದು ನಮ್ಮನೆಗೇ ಬರಬೇಕಾ?"

ಶ್ರೀವಿದ್ಯಾಳ ಮುಖ ಬಿಳಿಚಿತು. ಆದರೂ ಸೌಟು ತೆಗೆದುಕೊಂಡು ಅಶ್ವತ್ಥಮ್ಮನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು. "ಗಿಡ ಎಲ್ಲಿಗೂ ಹೋಗಲ್ಲ ದೊಡ್ಡತ್ತೆ," ಎಂದಳು.

ಮಂಗಮ್ಮ ಆವತ್ತು ಬಾಯಿ ಬಿಡಲಿಲ್ಲ. ಸೊಸೆ ಕೆಟ್ಟವಳಲ್ಲ, ಆದರೆ ಹಟಮಾರಿ. ಹಟದವರ ಜೊತೆ ವಾದ ಮಾಡಿ ಗೆದ್ದವರನ್ನು ಅವಳು ಕಂಡಿರಲಿಲ್ಲ. ವಾದವಿಲ್ಲದೆ ಆಗುವ ಕೆಲಸವೇ ಒಳ್ಳೆಯದು. ಸೊಸೆ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದದ್ದು ಅವಳಿಗೆ ನೆನಪಿತ್ತು. ಹದಿನೈದು ದಿನಕ್ಕೊಮ್ಮೆ ಒಂದು ಲೋಟ ನೀರು ಸಾಕು, ಜಾಸ್ತಿ ಹಾಕಿದರೆ ಬುಡ ಕೊಳೆತುಹೋಗುತ್ತೆ ಅಂತ.

ಆ ಮಂಗಳವಾರದಿಂದಲೇ ಮಂಗಮ್ಮ ನೀರು ಹಾಕತೊಡಗಿದಳು. ಮಗ ಏಳಕ್ಕೆ ಹೊರಡುತ್ತಿದ್ದ, ಸೊಸೆ ಎಂಟೂವರೆಗೆ ಸ್ಕೂಟರ್ ಹತ್ತುತ್ತಿದ್ದಳು, ಗಂಡ ದ್ರಾಕ್ಷಿ ತೋಟಕ್ಕೆ ಹೋಗುತ್ತಿದ್ದ. ಮನೆ ಖಾಲಿಯಾದ ಮೇಲೆ ಅಕ್ಕಿ ತೊಳೆದ ನೀರನ್ನು ಚೊಂಬಿಗೆ ಬಸಿದುಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಉಣ್ಣೆ ನೆನೆಯದಂತೆ, ಗೊತ್ತಾಗದಂತೆ, ಬುಡಕ್ಕೆ ಮಾತ್ರ ನಿಧಾನವಾಗಿ ಸುರಿಯುವಳು. ಹಿಂಸೆ ಅನ್ನಿಸಲಿಲ್ಲ. ಗಿಡಕ್ಕೆ ನೀರು ಹಾಕುವುದು ಯಾವತ್ತು ಪಾಪವಾಗಿತ್ತು?

ಒಂದು ದಿನ ಸಿಕ್ಕಿಬೀಳುವುದರಲ್ಲಿದ್ದಳು. ಮರೆತ ಉತ್ತರಪತ್ರಿಕೆಯ ಕಟ್ಟಿಗಾಗಿ ಶ್ರೀವಿದ್ಯಾ ಅರ್ಧ ದಾರಿಯಿಂದ ವಾಪಸ್ ಬಂದಳು.

"ಏನತ್ತೆ ಮೇಲೆ?"

"ಸಂಡಿಗೆ ಒಣಗಾಕಣ ಅಂತ ಜಾಗ ನೋಡ್ತಿದ್ದೆ ಕಣಮ್ಮ."

"ಈ ಮೋಡದಲ್ಲಾ?" ಎಂದು ಶ್ರೀವಿದ್ಯಾ ನಕ್ಕು ಹೊರಟುಹೋದಳು. ಗರ್ಭ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಚೊಂಬನ್ನು ಸೆರಗಿನಲ್ಲಿ ಮುಚ್ಚಿ ಹಿಡಿದು ನಿಂತಿದ್ದ ಮಂಗಮ್ಮನಿಗೆ ಎದೆ ಚುರ್ ಎಂದಿತು. ಆದರೂ ಮರುದಿನ ನೀರು ಹಾಕಿದಳು. ಮೊಮ್ಮಗು ಬೇಕಿತ್ತು, ಅದರ ಮುಂದೆ ಒಂದು ಕಳ್ಳಿ ಯಾವ ಲೆಕ್ಕ?

ಶ್ರಾವಣದ ಮೊದಲ ಶನಿವಾರ ತಿಂಡಿಯ ಹೊತ್ತಿಗೆ ಶ್ರೀವಿದ್ಯಾ, "ಅತ್ತೆ, ಇವತ್ತು ಡಾಕ್ಟರ್ ಹತ್ರ ಹೋಗಬೇಕು. ಟೆಸ್ಟ್ ರಿಪೋರ್ಟು ಬಂದಿದೆ. ನೀವೂ ಬನ್ನಿ," ಎಂದಳು.

"ನಾನ್ಯಾಕಮ್ಮ? ಮಧು ಬರ್ತಾನಲ್ಲ."

"ಮಧು ಬರ್ತಾರೆ. ಆದ್ರೆ ಮನೇಲಿ ಮಾತು ಕೇಳಬೇಕಾದವಳು ನಾನು. ಡಾಕ್ಟರ್ ಏನು ಹೇಳ್ತಾರೋ ಅದನ್ನ ನೀವೇ ಕಿವಿಯಾರ ಕೇಳಿ. ಆಮೇಲೆ ಏನು ಬೇಕಾದ್ರೂ ಅನ್ನಿ."

ಅವಳ ದನಿಯಲ್ಲಿ ಜಗಳವಿರಲಿಲ್ಲ, ಆದರೆ ಬೇಡ ಅನ್ನಲೂ ಆಗುವಂತಿರಲಿಲ್ಲ. ಮಂಗಮ್ಮ ಸೀರೆ ಬದಲಿಸಿದಳು.

ಚಿಕ್ಕಬಳ್ಳಾಪುರದ ಆ ಕ್ಲಿನಿಕ್ಕಿನಲ್ಲಿ ಡಾಕ್ಟರ್ ತನುಜ ಕಾಗದಗಳನ್ನು ಮೇಜಿನ ಮೇಲೆ ಹರಡಿ ಸಮಾಧಾನವಾಗಿ ವಿವರಿಸಿದರು. ಶ್ರೀವಿದ್ಯಾ ಆರೋಗ್ಯವಾಗಿದ್ದಾಳೆ. ಮಧುಸೂದನನೂ ಸರಿ ಇದ್ದಾನೆ. ಹೋದ ಮಗುವಿನ ಜೀವಕೋಶಗಳಲ್ಲೇ ಏರುಪೇರಿತ್ತು, ಮೊದಲ ದಿನದಿಂದಲೇ ಇತ್ತು.

"ಏನಾದ್ರೂ ತಿಂದಿದ್ದಕ್ಕೆ, ಮುಟ್ಟಿದ್ದಕ್ಕೆ, ನೋಡಿದ್ದಕ್ಕೆ ಹಿಂಗಾಗ್ತದಾಮ್ಮ?" ಎಂದು ಮಂಗಮ್ಮ ಕೇಳಿದಳು.

"ಇಲ್ಲಮ್ಮ. ಇದು ಯಾರ ತಪ್ಪೂ ಅಲ್ಲ. ಬಹಳ ಜನಕ್ಕೆ ಆಗುತ್ತೆ, ಹೇಳ್ಕೊಳ್ಳಲ್ಲ ಅಷ್ಟೆ. ಇವರು ಮೂರು ತಿಂಗಳು ಬಿಟ್ಟು ಧೈರ್ಯವಾಗಿ ಮತ್ತೆ ನೋಡಬಹುದು."

ಮಗ, ಸೊಸೆ ಎದ್ದರು. ಮಂಗಮ್ಮ ಏಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು.

"ಡಾಕ್ಟರಮ್ಮ, ಹಳೇದೊಂದು ಕೇಳಬಹುದಾ? ಮೂವತ್ತೆಂಟು ವರ್ಷದ ಹಿಂದಿಂದು."

"ಕೇಳಿ ಅಮ್ಮ."

"ಇವನು ಹುಟ್ಟೋಕೆ ಮುಂಚೆ ನನಗೊಂದು ಹೆಣ್ಣುಮಗು. ಒಂಬತ್ತು ತಿಂಗಳು ತುಂಬಿತ್ತು. ಹುಟ್ಟಿತು, ಅಳಲಿಲ್ಲ. ಅದಕ್ಕೆ ಮುಂಚೆ ಗ್ರಹಣ ಬಂದಿತ್ತು. ಮನೇಲಿ ನೆಂಟರು, ನಾನು ಗೊತ್ತಿಲ್ಲದೆ ಬದನೆಕಾಯಿ ಹೆಚ್ಚಿದ್ದೆ. ಅದಕ್ಕೇ ಆಯ್ತು ಅಂತ ನಮ್ಮತ್ತೆ ಸಾಯೋವರೆಗೂ ಅಂದ್ರು. ಅದಕ್ಕೇನಾ?"

ಡಾಕ್ಟರ್ ಕಾಗದಗಳನ್ನು ಪಕ್ಕಕ್ಕಿಟ್ಟು ಕುರ್ಚಿ ಎಳೆದುಕೊಂಡು ಅವಳ ಎದುರಿಗೇ ಬಂದು ಕೂತರು. "ಅಲ್ಲಮ್ಮ. ಬದನೆಕಾಯಿ ಹೆಚ್ಚಿದ್ದಕ್ಕೆ ಅಲ್ಲ. ನೀವೇನೂ ಮಾಡಲಿಲ್ಲ."

ಮಂಗಮ್ಮ ತಲೆ ಆಡಿಸಿದಳು. ಎದ್ದು ಹೊರಗೆ ಬಂದು ಗೇಟಿನ ಹತ್ತಿರದ ಕಲ್ಲುಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಮ್ಮ ಅಳುವುದನ್ನು ಕಂಡು ಅಭ್ಯಾಸವಿಲ್ಲದ ಮಧುಸೂದನ್ ನೀರಿನ ಬಾಟಲಿ ಹಿಡಿದು ನಿಂತೇ ಇದ್ದ. ಶ್ರೀವಿದ್ಯಾ ಪಕ್ಕದಲ್ಲಿ ಕೂತು ಅವಳ ಮೊಣಕೈ ಹಿಡಿದುಕೊಂಡಳು. ಆ ಕೈ ಬಿಸಿಯಾಗಿತ್ತು. ಅದು ತಾಗಿದಷ್ಟೂ ಮಂಗಮ್ಮನಿಗೆ ಅಕ್ಕಿ ನೀರಿನ ಚೊಂಬು ಕಣ್ಣ ಮುಂದೆ ಬರುತ್ತಿತ್ತು.

ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರವಾಗಿ ತಾರಸಿಗೆ ಹೋದಳು. ಬೀಸಣಿಗೆ ಮೇಲಿಂದ ನೋಡಿದರೆ ಮೊದಲಿನ ಹಾಗೇ ಬೆಳ್ಳಗಿತ್ತು. ಆದರೆ ಒಂದು ಪಕ್ಕಕ್ಕೆ ಸ್ವಲ್ಪ ವಾಲಿತ್ತು. ಬುಡವನ್ನು ಬೆರಳಿನಿಂದ ಒತ್ತಿದಳು. ಬೆರಳು ಒಳಗೆ ಹೋಯಿತು, ಕಂದು ರಸ ಒಸರಿತು. ಹುಳಿ ನಾತ.

ಕೆಳಗೆ ತಟ್ಟೆ ಹಾಕಿದ್ದರು. ಮಂಗಮ್ಮ ಕೈ ತೊಳೆದುಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಶ್ರೀವಿದ್ಯಾ, ನಿನ್ನ ಜುಟ್ಟಿನ ಕಳ್ಳಿ ಬುಡ ಕೊಳೆತಿದೆ. ನಾನೇ ಕೊಳೆಸಿದ್ದು. ದಿನಾ ಅಕ್ಕಿ ತೊಳೆದ ನೀರು ಹಾಕಿದೆ."

ಮಧುಸೂದನ್ ತುತ್ತನ್ನು ತಟ್ಟೆಗೆ ವಾಪಸ್ ಇಟ್ಟ.

"ಎಷ್ಟು ದಿನ?" ಎಂದಳು ಶ್ರೀವಿದ್ಯಾ.

"ಇಪ್ಪತ್ತಾರು ದಿನ."

"ಎಣಿಸ್ತಾ ಇದ್ರಾ?"

"ಹೂಂ."

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಅತ್ತೆ!"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹೌದು, ಬೇಡ ಅಂತಿದ್ದೆ! ಅದಕ್ಕೇ ಕೇಳಬೇಕಿತ್ತು!"

"ಅಮ್ಮ, ಇದೇನಮ್ಮ..." ಎಂದು ಮಧುಸೂದನ್ ಶುರುಮಾಡಿದ. ಅಷ್ಟರಲ್ಲಿ ವೆಂಕಟರವಣಪ್ಪ ಕೈ ಎತ್ತಿದ. "ಆಯ್ತು, ಆಗೋಯ್ತು. ಯಾಕೆ ಇಷ್ಟು ಗಲಾಟೆ? ಹೋದದ್ದು ಹೋಯ್ತು, ಇನ್ನೊಂದು ತಂದರಾಯ್ತು."

ಶ್ರೀವಿದ್ಯಾ ಮಾವನ ಕಡೆ ನೋಡಿದಳು. "ಎರಡು ಸಲಾನೂ ನನಗೆ ಇದೇ ಮಾತು ಹೇಳಿದ್ರಿ ಮಾವ. ಹೋದದ್ದು ಹೋಯ್ತು, ಇನ್ನೊಂದು ಆಗುತ್ತೆ ಅಂತ. ಹೋದದ್ದರ ಬಗ್ಗೆ ಈ ಮನೇಲಿ ಒಬ್ಬರೂ ಒಂದು ದಿನ ಕೂತು ಮಾತಾಡಲಿಲ್ಲ."

ವೆಂಕಟರವಣಪ್ಪ ತಟ್ಟೆ ನೋಡಿದ. ಸಾರಿನ ಮೇಲೆ ಕೆನೆ ಕಟ್ಟುತ್ತಿತ್ತು. ಶ್ರೀವಿದ್ಯಾ ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಂಗಮ್ಮ ಆ ಬಾಗಿಲ ಹತ್ತಿರ ಹೋದಳು. "ಬಾಗಿಲು ತೆಗೀಬೇಡ, ಕೇಳಿಸ್ಕೊ. ಬುಡ ಹೋಗಿದೆ, ಮೇಲುಗಡೆ ಇನ್ನೂ ಗಟ್ಟಿ ಇದೆ. ದ್ರಾಕ್ಷಿ ಕಸಿ ಕಟ್ಟಿದ ಕೈ ಇದು. ಇದಕ್ಕೂ ಕಸಿ ಆಗ್ತದಾ, ಇಲ್ವಾ? ಅಷ್ಟು ಹೇಳು."

ಮಂಗಮ್ಮ ಕಾದಳು. ಅವಳು ಹೋಗಿಲ್ಲ ಎಂಬುದು ಬಾಗಿಲ ಕೆಳಗಿನ ನೆರಳಿನಿಂದ ಒಳಗೆ ಗೊತ್ತಾಗುತ್ತಿದ್ದಿರಬೇಕು.

"ಆಗುತ್ತೆ," ಎಂದಿತು ಒಳಗಿನ ದನಿ. "ಡ್ರ್ಯಾಗನ್ ಫ್ರೂಟ್ ಕಡ್ಡಿ ಮೇಲೆ. ಬೇರು ಬಿಟ್ಟಿರಬೇಕು. ಇವತ್ತೇ ಆಗಬೇಕು, ನಾಳೆಗೆ ಕೊಳೆ ಮೇಲಕ್ಕೆ ಹತ್ತುತ್ತೆ."

ಕಳವಾರದ ದಾರಿಯಲ್ಲಿ ಕೋನಪ್ಪ ಎರಡು ಎಕರೆಗೆ ಡ್ರ್ಯಾಗನ್ ಫ್ರೂಟ್ ಹಾಕಿದ್ದ. ಮಂಗಮ್ಮ ಊಟ ಮಾಡದೆ ಮಗನ ಬೈಕಿನ ಹಿಂದೆ ಕೂತು ಅಲ್ಲಿಗೆ ಹೋದಳು. ಪ್ಲಾಸ್ಟಿಕ್ ಚೀಲದಲ್ಲಿ ಬೇರು ಬಿಟ್ಟ, ಮೂರು ಮೂಲೆಯ ಹಸಿರು ಕಡ್ಡಿಗಳನ್ನು ತಾನೇ ಮುಟ್ಟಿ ನೋಡಿ ಐದು ಆರಿಸಿಕೊಂಡಳು. "ತೋಟ ಮಾಡ್ತೀಯೇನಕ್ಕ?" ಎಂದು ಕೋನಪ್ಪ ಕೇಳಿದ. "ಇಲ್ಲಪ್ಪ, ತಪ್ಪು ಮಾಡಿದೀನಿ," ಎಂದಳು. ಅವನು ಅರ್ಥವಾಗದೆ ನಕ್ಕ.

ಮನೆಗೆ ಬರುವಷ್ಟರಲ್ಲಿ ವೆಂಕಟರವಣಪ್ಪ ಕಸಿ ಚಾಕು ಹುಡುಕಿ, ಕಲ್ಲಿಗೆ ಮಸೆದು ಇಟ್ಟಿದ್ದ. "ಆ ಕಡ್ಡಿ ಕೊಡು ಇಲ್ಲಿ, ನಾನು ಮಾಡ್ತೀನಿ," ಎಂದ. ಇಪ್ಪತ್ತು ವರ್ಷದ ಹಿಂದೆ ತೋಟಕ್ಕೆ ದಿಲ್‌ಖುಷ್ ದ್ರಾಕ್ಷಿ ಹಾಕಿದಾಗ ಅಷ್ಟೂ ಬಳ್ಳಿಗೆ ಕಸಿ ಕಟ್ಟಿದ್ದು ತಾನೇ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅರ್ಧಕ್ಕಿಂತ ಹೆಚ್ಚು ಕಟ್ಟಿದ್ದು ಮಂಗಮ್ಮ.

"ಬೇಡಿ. ಕೊಳೆಸಿದ್ದು ನಾನು. ನೀವು ನೆರಳು ಹಿಡ್ಕೊಳ್ಳಿ," ಎಂದಳು. ಅವನು ಕೊಡೆ ಬಿಚ್ಚಿ ಹಿಡಿದು ನಿಂತ.

ಶ್ರೀವಿದ್ಯಾ ಮೇಲೆ ಬಂದಳು. ಕಣ್ಣು ಕೆಂಪಗಿತ್ತು. ಅತ್ತೆಯ ಮುಖ ನೋಡಲಿಲ್ಲ, ಎದುರಿಗೆ ಮಂಡಿಯೂರಿ ಕೂತಳು. ಚಾಕುವನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಕೊಟ್ಟಳು. ಮಂಗಮ್ಮ ದಪ್ಪ ಬಟ್ಟೆಯಲ್ಲಿ ಗಿಡವನ್ನು ಹಿಡಿದು ಬುಡದಿಂದ ನಾಲ್ಕು ಬೆರಳು ಮೇಲೆ ಕೊಯ್ದಳು. ನಡುವೆ ಕಂದು ಉಂಗುರ.

"ಇನ್ನೂ ಮೇಲೆ," ಎಂದಳು ಶ್ರೀವಿದ್ಯಾ. ಚಾಕು ಒರೆಸಿದಳು.

ಎರಡನೆಯ ಕೊಯ್ತಕ್ಕೆ ಕಂದು ಚುಕ್ಕಿಗಳು.

"ಇನ್ನೂ."

ಮೂರನೆಯ ಕೊಯ್ತಕ್ಕೆ ತಿಳಿಹಸಿರು ತಿರುಳು ಕಾಣಿಸಿತು, ಎಳೆ ಸೌತೆಕಾಯಿಯ ಹಾಗೆ, ಒಂದು ಕಲೆಯೂ ಇಲ್ಲದೆ. ಇಬ್ಬರೂ ಒಟ್ಟಿಗೆ ಉಸಿರುಬಿಟ್ಟರು. ಏಳು ವರ್ಷದ ಬೀಸಣಿಗೆಯಲ್ಲಿ ಉಳಿದದ್ದು ಅಂಗೈಯಷ್ಟು. ಅದನ್ನು ಐದು ಭಾಗ ಮಾಡಿದರು. ಕಡ್ಡಿಯ ತಲೆಯನ್ನು ಮಟ್ಟಸವಾಗಿ ಕೊಯ್ದು ಅದರ ಮೇಲೆ ತುಂಡು ಕೂರಿಸಬೇಕು.

"ಕಡ್ಡಿ ನಡುವೆ ಉಂಗುರ ಕಾಣ್ತಿದೆಯಲ್ಲ, ಮೇಲಿನ ತುಂಡಿನ ಗೆರೆ ಅದಕ್ಕೆ ತಾಗಬೇಕು," ಎಂದಳು ಶ್ರೀವಿದ್ಯಾ.

"ಗೊತ್ತು. ದ್ರಾಕ್ಷಿಗೆ ಸಿಪ್ಪೆ ಹತ್ರ ಇರ್ತದೆ, ಇದಕ್ಕೆ ನಡುವೆ ಇದೆ," ಎಂದಳು ಮಂಗಮ್ಮ. ತುಂಡನ್ನು ಇಟ್ಟು, ಗಾಳಿ ಉಳಿಯದಂತೆ ಒಮ್ಮೆ ತಿರುಗಿಸಿ ಒತ್ತಿದಳು. ರಬ್ಬರ್ ಬ್ಯಾಂಡ್ ಹಾಕಿದಳು. ಬೆರಳಿಗೆ ಮುಳ್ಳು ಚುಚ್ಚಿ ರಕ್ತ ಬಂದರೂ ನಿಲ್ಲಿಸಲಿಲ್ಲ. ಐದನೆಯದು ಮುಗಿಯುವವರೆಗೂ ವೆಂಕಟರವಣಪ್ಪ ಕೊಡೆಯನ್ನು ಕೈಯಿಂದ ಕೈಗೆ ಬದಲಿಸುತ್ತ ನಿಂತಿದ್ದ.

ಕುಂಡಗಳನ್ನು ಮೆಟ್ಟಿಲ ಕೆಳಗಿನ ನೆರಳಿಗೆ ಇಳಿಸಿದರು. "ಯಾರೂ ಮುಟ್ಟಬೇಡಿ. ನೀರು ಹಾಕಬೇಡಿ," ಎಂದು ಶ್ರೀವಿದ್ಯಾ ಹೇಳಿದ್ದು ಮನೆಗೆಲ್ಲ ಹೇಳಿದಂತಿದ್ದರೂ ಯಾರಿಗೆಂದು ಎಲ್ಲರಿಗೂ ಗೊತ್ತಿತ್ತು.

ಆಮೇಲಿನ ದಿನಗಳು ಸುಲಭದವಲ್ಲ. ಶ್ರೀವಿದ್ಯಾ ಮಾತು ಬಿಡಲಿಲ್ಲ, ಆದರೆ ಬೇಕಾದಷ್ಟೇ ಆಡುತ್ತಿದ್ದಳು. ಉಪ್ಪು ಮುಗಿದಿದೆ ಅತ್ತೆ. ಗ್ಯಾಸ್ ಬಂತು ಅತ್ತೆ. ಮಂಗಮ್ಮ ಅವಳಿಗೆ ಇಷ್ಟವಾದ ಸಬ್ಬಸಿಗೆ ಸೊಪ್ಪಿನ ರೊಟ್ಟಿ ತಟ್ಟಿದಳು. ಶ್ರೀವಿದ್ಯಾ ತಿಂದಳು, ತಟ್ಟೆ ತೊಳೆದಿಟ್ಟಳು, ಕಾಲೇಜಿಗೆ ಹೋದಳು. ಮಂಗಮ್ಮ ಗೊಣಗಲಿಲ್ಲ. ಇಪ್ಪತ್ತಾರು ದಿನ ನಾನು ಸುಮ್ಮನೆ ಕೆಲಸ ಮಾಡಿದ್ದೆ, ಅವಳಿಗೂ ಅಷ್ಟು ದಿನ ಬೇಕಾದರೆ ತೆಗೆದುಕೊಳ್ಳಲಿ ಎಂದುಕೊಂಡಳು.

ನಾಲ್ಕನೆಯ ದಿನ ಒಂದು ತುಂಡು ಸುರುಟಿಕೊಂಡು ಕೆಳಗೆ ಬಿತ್ತು. ಎಂಟನೆಯ ದಿನ ಇನ್ನೊಂದು ಕಪ್ಪಾಯಿತು. ಮೂರನೆಯದನ್ನು ಇರುವೆಗಳು ಮುತ್ತಿ ಹಾಳುಮಾಡಿದವು. ಮಂಗಮ್ಮ ದಿನಕ್ಕೆ ಹತ್ತು ಸಲ ಬಗ್ಗಿ ನೋಡುತ್ತಿದ್ದಳು, ಮುಟ್ಟುತ್ತಿರಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಶ್ವತ್ಥಮ್ಮನ ಫೋನ್ ಬಂತು. ಹಬ್ಬಕ್ಕೆ ಬರುತ್ತೇನೆ ಎಂದವಳು, "ಆ ಗಿಡ ತೆಗೆಸಿದ್ಯಾ?" ಎಂದು ಕೇಳಿದಳು.

"ಇಲ್ಲ ಅತ್ತಿಗೆ. ಒಂದಿದ್ದದ್ದನ್ನ ಎರಡು ಮಾಡ್ತಿದೀನಿ."

"ಏಯ್, ತಮಾಷೆನಾ?"

"ತಮಾಷೆ ಅಲ್ಲ. ಡಾಕ್ಟರು ಹೇಳಿದ್ದನ್ನ ನಾನು ಎದುರಿಗೆ ಕೂತು ಕೇಳಿದೀನಿ. ಹುಡುಗಿ ತಪ್ಪೂ ಇಲ್ಲ, ಗಿಡದ ತಪ್ಪೂ ಇಲ್ಲ. ಹಬ್ಬಕ್ಕೆ ಬನ್ನಿ, ಹೋಳಿಗೆ ಮಾಡ್ತೀನಿ. ನನ್ನ ಸೊಸೆ ಮುಂದೆ ಆ ಮಾತು ಮಾತ್ರ ತೆಗೀಬೇಡಿ. ತೆಗೆಯೋದಾದ್ರೆ ಬರಬೇಡಿ."

ಆ ಕಡೆಯಿಂದ ಫೋನ್ ಕಟ್ಟಾಯಿತು. ಹಜಾರದಲ್ಲಿ ಪೇಪರ್ ಓದುತ್ತಿದ್ದ ವೆಂಕಟರವಣಪ್ಪ, "ನಮ್ಮಕ್ಕನಿಗೆ ಹಂಗಂದ್ಯಾ?" ಎಂದ.

"ಅಂದೆ."

ಅವನು ಪೇಪರ್ ಮಡಿಸಿಟ್ಟ. ಅಡುಗೆಮನೆಯಲ್ಲಿ ಕಡಲೆಬೇಳೆ ಸೋಸುತ್ತಿದ್ದ ಶ್ರೀವಿದ್ಯಾ ಒಂದು ಗಳಿಗೆ ಕೈ ನಿಲ್ಲಿಸಿ, ಮತ್ತೆ ಸೋಸತೊಡಗಿದಳು. ಅಶ್ವತ್ಥಮ್ಮ ಹಬ್ಬಕ್ಕೆ ಬರಲಿಲ್ಲ.

ಇಪ್ಪತ್ತೆರಡನೆಯ ದಿನ, ಭಾನುವಾರ ಬೆಳಿಗ್ಗೆ, ಉಳಿದ ಎರಡು ಕುಂಡಗಳನ್ನು ತಾರಸಿಗೆ ಒಯ್ದರು. ಶ್ರೀವಿದ್ಯಾ ರಬ್ಬರ್ ಬ್ಯಾಂಡ್ ಕತ್ತರಿಸಿ ಕಡ್ಡಿಯನ್ನು ಮೆಲ್ಲಗೆ ಅಲುಗಾಡಿಸಿದಳು. ತುಂಡು ಕದಲಲಿಲ್ಲ. ಎರಡನೆಯದೂ ಗಟ್ಟಿಯಾಗಿ ಕೂತಿತ್ತು, ಅಂಚಿನಲ್ಲಿ ಹೊಸ ಉಣ್ಣೆ ಗೆರೆಯಾಗಿ ಮೂಡಿತ್ತು, ದಾರದಷ್ಟು ಸಣ್ಣಗೆ.

"ಹಿಡಿದಿದೆ," ಎಂದಳು ಶ್ರೀವಿದ್ಯಾ.

ಮಂಗಮ್ಮ ಗೋಡೆಗೆ ಒರಗಿ ಕೂತಳು. ಎದುರಿನ ಸ್ಕಂದಗಿರಿ ಬೆಟ್ಟ ಮಂಜಿನಲ್ಲಿತ್ತು. ಆಮೇಲೆ ಶ್ರೀವಿದ್ಯಾ ಕುಂಡದ ಮಣ್ಣು ಸರಿಮಾಡುತ್ತಲೇ ಕೇಳಿದಳು.

"ಅತ್ತೆ, ಆವತ್ತು ಡಾಕ್ಟರ್ ಹತ್ರ ಹೇಳಿದ್ರಲ್ಲ, ಆ ಮಗು. ಅದಕ್ಕೆ ಹೆಸರಿಟ್ಟಿದ್ರಾ?"

ಮೂವತ್ತೆಂಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.

"ಹುಟ್ಟೋಕೆ ಮುಂಚೆನೇ ಮನಸ್ಸಲ್ಲಿ ಇಟ್ಟಿದ್ದೆ. ಹೆಣ್ಣಾದ್ರೆ ಅಲಮೇಲು ಅಂತ. ಯಾರ ಹತ್ರಾನೂ ಹೇಳಲಿಲ್ಲ."

"ಒಂದು ಸಲ ಹೇಳಿ. ಜೋರಾಗಿ."

ಮಂಗಮ್ಮ ಸೊಸೆಯ ಮುಖ ನೋಡಿದಳು. ಆಮೇಲೆ ತಲೆಯೆತ್ತಿ, ತೋಟದಿಂದ ಮಗಳನ್ನು ಊಟಕ್ಕೆ ಕರೆಯುವವಳ ಹಾಗೆ ಕೂಗಿದಳು.

"ಅಲಮೇಲೂ!"

ಕೆಳಗೆ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ವೆಂಕಟರವಣಪ್ಪ ಬಾಯಿ ಮುಕ್ಕಳಿಸಿ, "ಯಾರನ್ನೇ ಕರೀತಿದೀಯ?" ಎಂದ.

"ನಮ್ಮ ಮಗಳನ್ನ!" ಎಂದಳು ಮಂಗಮ್ಮ.

ನಲ್ಲಿ ನಿಂತ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಮೆಟ್ಟಿಲುಗಳ ಮೇಲೆ ಅವನ ಹೆಜ್ಜೆಗಳು ಒಂದೊಂದಾಗಿ ಮೇಲಕ್ಕೆ ಬರತೊಡಗಿದವು.